ಹೆಂಗಸರ ಕಡೆ ಸಿನೆಮಾ ಹೇಳುತ್ತಿದ್ದ ವೈನಿ

“ಹೆಣ್ಣಮಗಳು ಮಶೀನು ನಡಸೂದು? ಆಗೂ ಮಾತಲ್ಲ ಬಿಡ್ರಿ” ಎಂದು ಅಂದವರು ನಮ್ಮ ಟೂರಿಂಗ್ ಟಾಕೀಸಿನ ಮಾಲಕರು. ತಿಕೋಟಾದ ಬಯಲಿನಲ್ಲಿ ತಂಬು ಹೊಡೆದಿದ್ದ ವರ್ಷ ಅದು. ಚಾದಂಗಡಿಯ ಬೆಂಚಿನ ಮೇಲೆ ಕುಳಿತು, ಬಶಿಗೆ ಚಹಾ ಸುರುವಿಕೊಳ್ಳುತ್ತ, ಸಿಟ್ಟಿಲ್ಲದೆ, ನಗೆಯೂ ಇಲ್ಲದೆ ಅಂದರು. ಎಮ್ಮೆ ಹಾರುವುದಿಲ್ಲ ಎಂದು ಹೇಳುವಾಗ ಯಾರಾದರೂ ಸಿಟ್ಟಿಗೇಳುತ್ತಾರೆಯೇ, ಹಾಗೆ.

ಅವರು ಯಾರ ಬಗ್ಗೆ ಹಾಗೆ ಅಂದರೋ ಆ ಹೆಣ್ಣುಮಗಳು ಹೋದ ತಿಂಗಳು ವಿಜಾಪುರದಲ್ಲಿ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದವನೂ ಅಲ್ಲ. ಮಶೀನು ನಡೆಸುವ ಆಪರೇಟರನಿಗೆ ಅಣ್ಣಾ ಅನ್ನುತ್ತಿದ್ದೆ, ಹಾಗಾಗಿ ಅವನ ಹೆಂಡತಿ ನನಗೆ ವೈನಿ, ಅಂದರೆ ಅತ್ತಿಗೆ.

ನಾನು ಆಗ ವಿಜಾಪುರದ ಕಾಲೇಜಿನಲ್ಲಿ ಓದುತ್ತಿದ್ದೆ. ನಮ್ಮ ಅಪ್ಪ ಹೆಬ್ಬೆಟ್ಟು, ಅವನ ಅಪ್ಪನೂ ಹೆಬ್ಬೆಟ್ಟು. ನಮ್ಮ ವಂಶದಲ್ಲಿ ಬಿ.ಎ. ಅನ್ನುವ ಎರಡು ಅಕ್ಷರ ಹೆಸರಿನ ಮುಂದೆ ಬರೆದುಕೊಂಡವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಹಗಲು ಕಾಲೇಜು, ಸಂಜೆ ಬಸ್ಸು ಹಿಡಿದು ತಿಕೋಟಾಕ್ಕೆ ಬಂದು ತಂಬಿನ ಹೆಂಗಸರ ಬಾಗಿಲಲ್ಲಿ ತಿಕೀಟು ಹರಿಯುವ ಕೆಲಸ. ಅಲ್ಲಿ ನಿಂತೇ ನಾನು ವೈನಿಯನ್ನು ಕಂಡದ್ದು. ಕಂಡದ್ದಕ್ಕಿಂತ ಕೇಳಿದ್ದು ಹೆಚ್ಚು.

ತಂಬಿನೊಳಗೆ ನಡುವೆ ಒಂದು ಅಡ್ಡಪರದೆ ಕಟ್ಟಿರುತ್ತಿದ್ದರು. ಆ ಕಡೆ ಗಂಡಸರು, ಈ ಕಡೆ ಹೆಂಗಸರು, ಎಲ್ಲರೂ ಮಣ್ಣಿನ ಮೇಲೆ. ಹಿಂದೆ ತಗಡಿನ ಕ್ಯಾಬಿನ್, ಅದರೊಳಗೆ ಒಂದೇ ಮಶೀನು. ಒಂದೇ ಮಶೀನಾದ್ದರಿಂದ ಪ್ರತಿ ರೀಲು ಮುಗಿದಾಗ ದೀಪ ಹತ್ತಬೇಕು, ಹೊಸ ರೀಲು ಏರಿಸಬೇಕು. ಬರುವ ಚಿತ್ರಗಳು ಬಹುತೇಕ ಹಿಂದಿ. ಗಂಡಸರಿಗೆ ಅರ್ಧಮರ್ಧ ತಿಳಿಯುತ್ತಿತ್ತು, ತಿಳಿಯದಿದ್ದರೂ ತಿಳಿದವರಂತೆ ಶಿಳ್ಳೆ ಹೊಡೆಯುತ್ತಿದ್ದರು. ಹೆಂಗಸರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ವೈನಿ ಹುಟ್ಟಿ ಬೆಳೆದದ್ದು ವಿಜಾಪುರದ ಕೋಟೆಗೋಡೆಯ ಹಿಂದಿನ ಓಣಿಯಲ್ಲಿ. ಅಲ್ಲಿ ಒಂದೇ ಕಟ್ಟೆಯ ಮೇಲೆ ಈ ತುದಿಗೆ ಕನ್ನಡ, ಆ ತುದಿಗೆ ಉರ್ದು. ಹಿಂದಿ ಅವರಿಗೆ ನೀರು ಕುಡಿದಷ್ಟು ಸುಲಭ. ಗಂಡನಿಗೆ ಬುತ್ತಿ ತಂದವರು ಹೆಂಗಸರ ನಡುವೆ ಕುಳಿತು, ಪರದೆಯ ಮೇಲೆ ಮಾತು ಬೀಳುವುದಕ್ಕೂ ಇವರ ಬಾಯಿಂದ ಕನ್ನಡ ಬೀಳುವುದಕ್ಕೂ ಅಂತರವಿಲ್ಲದಂತೆ ಹೇಳುತ್ತಿದ್ದರು.

“ಏನಂತಾಳ ಬೇ ಆಕಿ?”

“ನೀ ಇಲ್ಲಂದ್ರ ನಾ ಜೀವಾ ಇಟಗೊಳ್ಳೂದಿಲ್ಲ ಅಂತಾಳ, ಆಯಿ.”

“ಅಷ್ಟುದ್ದ ಹಾಡಿದ್ಲು, ಇಷ್ಟೇ ಏನ?”

“ಹಾಡಿನ್ಯಾಗ ಇಷ್ಟೇ ಇರತೈತಿ. ಉಳದದ್ದೆಲ್ಲಾ ಗಿಡಾ ಸುತ್ತೂದು.”

ಹೆಂಗಸರ ಕಡೆ ನಗೆ ಎದ್ದರೆ ಅಡ್ಡಪರದೆಯಾಚೆಯ ಗಂಡಸರು “ಏನಾತಲೇ ಆ ಕಡೆ?” ಎಂದು ಕೇಳುತ್ತಿದ್ದರು. ಅಳುವ ದೃಶ್ಯದಲ್ಲಿ ಆ ಕಡೆ ನಗೆ ಯಾಕೆ ಬಂತೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಅಣ್ಣನ ಬಗ್ಗೆ ನಾನು ಕೆಟ್ಟದ್ದನ್ನಷ್ಟೇ ಬರೆದರೆ ವೈನಿ ಮೆಚ್ಚುವುದಿಲ್ಲ. ಕುಡಿಯದ ದಿನ ಅವನು ಬಂಗಾರದಂಥ ಮನುಷ್ಯ. ರೀಲು ಬದಲಿಸುವ ಮೊದಲು ಬೆಳಕಿನ ಮುಂದೆ ಕೈ ಹಿಡಿದು ಪರದೆಯ ಮೇಲೆ ಜಿಂಕೆ ಓಡಿಸುತ್ತಿದ್ದ. ನಾಯಿ ಬೊಗಳಿಸುತ್ತಿದ್ದ. ಮುದುಕರೂ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಕುಡಿಯದ ದಿನಗಳು ಕಡಿಮೆಯಾಗುತ್ತ ಬಂದವು. ಅದು ದಾರೂಬಂದಿಯ ಕಾಲ; ಬಂದಿ ಇದ್ದದ್ದು ಕಾಗದದ ಮೇಲೆ. ಸೈಕಲ್ಲಿನ ಟ್ಯೂಬಿನೊಳಗೆ ತುಂಬಿದ ಕಳ್ಳಭಟ್ಟಿಯ ಶೆರೆ ಹಾಡಹಗಲೇ ರಸ್ತೆಯ ಮೇಲೆ ಓಡಾಡುತ್ತಿತ್ತು. ಕುಡಿದು ಬಂದರೆ ಅಣ್ಣ ಬಡಿಯುತ್ತಿದ್ದ. ವೈನಿ ಹಣೆಯ ಮೇಲಿನ ಬಾವು ಮುಚ್ಚಲು ಸೆರಗು ಮುಂದಕ್ಕೆ ಎಳೆದುಕೊಂಡು ಬರುತ್ತಿದ್ದರು. ಯಾರಾದರೂ ಕೇಳಿದರೆ “ಕ್ಯಾಬಿನ್ ಬಾಗಿಲಾ ಸಣ್ಣದೈತಿ, ಬಡೀತು” ಅನ್ನುತ್ತಿದ್ದರು. ಆ ಬಾಗಿಲು ನಮಗೆಲ್ಲ ಗೊತ್ತಿತ್ತು.

ಮಶೀನಿನಲ್ಲಿ ಬೆಳಕು ಬರುವುದು ಎರಡು ಕಾರ್ಬನ್ ಕಡ್ಡಿಗಳಿಂದ. ಅವು ಉರಿಯುತ್ತ ಸವೆಯುತ್ತವೆ. ಒಂದನ್ನೊಂದು ಹತ್ತಿರ ಸರಿಸುತ್ತಲೇ ಇರಬೇಕು. ಸರಿಸದಿದ್ದರೆ ಪರದೆ ಮಂಕಾಗಿ ಕತ್ತಲಾಗುತ್ತದೆ. ಅಣ್ಣ ಕುಡಿದು ತೂಕಡಿಸಿದಾಗ ಕತ್ತಲಾಗುತ್ತಿತ್ತು. “ಎದ್ದೇಳೋ ಆಪರೇಟರಾ! ನಿಮ್ಮವ್ವ ಬಂದಾಳ ನೋಡು!” ಎಂದು ಮಂದಿ ಕೂಗುತ್ತಿದ್ದರು. ಆಗ ವೈನಿ ಹೆಂಗಸರ ನಡುವಿನಿಂದ ಎದ್ದು, ಬಳೆ ಸದ್ದಾಗದಂತೆ ಮೊಳಕೈ ತನಕ ಸರಿಸಿ, ಕ್ಯಾಬಿನ್ ಹತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆಳಕು ಬರುತ್ತಿತ್ತು. ಕೆಳಗಿಳಿದು ಬಂದಾಗ ಅವರ ಕೈಗೆ ಹರಿದ ಫಿಲ್ಮು ಅಂಟಿಸುವ ಔಷಧದ ವಾಸನೆ, ಕಳಿತ ಬಾಳೆಹಣ್ಣಿನಂಥದು.

“ವೈನಿ, ಎಷ್ಟು ದಿನಾ ಹಿಂಗ?” ಎಂದು ನಾನೊಮ್ಮೆ ಕೇಳಿದೆ.

“ಕತ್ತಲಾದ್ರ ಮಂದಿ ಬೈತಾರ. ಬೆಳಕ ಬಂದ್ರ ಯಾರೂ ಹಿಂದ ತಿರುಗಿ ನೋಡೂದಿಲ್ಲ” ಅಂದರು. “ನೋಡದಿದ್ರ ಛಲೋನ ಆತಲ್ಲ. ನಿಮ್ಮ ಅಣ್ಣನ ಹೆಸರ ಉಳೀತು.”

“ತವರಮನಿ ವಿಜಾಪುರದಾಗ ಐತಿ. ಅಲ್ಲಿ ಹೋಗಿ ಇರಬಾರದ?”

ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ. “ಮನ್ಯಾಗ ಅವರು ಯಾರೋ ಏನೋ. ಮಶೀನಿನ ಮುಂದ ನಿಂತಾಗ ನನ್ನ ಗಂಡ. ಆ ಜಾಗಾ ಇರೂತನಕ ಅವರು ಇರತಾರ. ಜಾಗಾ ಹೋದ್ರ ಅವರೂ ಹೋಗ್ತಾರ, ತಮ್ಮಾ. ನಾ ಕಾಯಾಕತ್ತಿದ್ದು ಜಾಗಾ.”

ಆ ಜಾಗಕ್ಕೆ ಸಂಚಕಾರ ತಂದದ್ದು ಒಂದು ಸಿನೆಮಾ.

ಒಬ್ಬ ಕುಡುಕ ಗಂಡ, ಸಾಧ್ವಿ ಹೆಂಡತಿ, ಒಂದು ಕೂಸು. ವಿಜಾಪುರದಲ್ಲಿ ಭರ್ಜರಿ ಓಡಿದ ಚಿತ್ರ. ತಿಕೋಟಾಕ್ಕೆ ಬರುವ ಹೊತ್ತಿಗೆ ಪ್ರಿಂಟು ಹಳತಾಗಿ, ಕೊನೆಗೆ ‘ಸಮಾಪ್ತ’ ಎಂದು ಬರುವ ತುಂಡೇ ಹರಿದು ಹೋಗಿತ್ತು. ಅವತ್ತು ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಕಳ್ಳಕವಟಗಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ವೈನಿ ಎಂದಿನಂತೆ ನಡುವೆ ಕುಳಿತು ಹೇಳುತ್ತಿದ್ದರು. ಆದರೆ ಅವತ್ತು ದನಿಯಲ್ಲಿ ಚೇಷ್ಟೆ ಇರಲಿಲ್ಲ. ಪರದೆಯ ಮೇಲೆ ಗಂಡ ಬಾಗಿಲು ಒದ್ದಾಗ ಒಬ್ಬಾಕೆ “ಏನಂತಾನ?” ಅಂದಳು. “ಅದನ್ನೂ ಹೇಳಬೇಕೇನ ಬೇ?” ಅಂದರು ವೈನಿ. ಯಾರೂ ನಗಲಿಲ್ಲ.

ಕೊನೆಯಲ್ಲಿ ಗಂಡ ಬಾಟಲಿಯನ್ನು ಗೋಡೆಗೆ ಅಪ್ಪಳಿಸಿದ. ಕೂಸಿನ ತಲೆ ಮುಟ್ಟಿ ಆಣೆ ಮಾಡಿದ. ಹೆಂಡತಿ ಕಣ್ಣೀರಿನಲ್ಲೇ ನಕ್ಕಳು. ದೀಪ ಹತ್ತಿತು. ಹೆಂಗಸರು ಮೂಗು ಒರೆಸಿಕೊಂಡು ಎದ್ದರು, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡರು. ನಾನು ಬಾಗಿಲು ತೆರೆದೆ. ಅಷ್ಟರಲ್ಲಿ ದೀಪ ಆರಿ, ಪರದೆಯ ಮೇಲೆ ಮತ್ತೆ ಚಿತ್ರ ಬಂತು. ಅದೇ ಗಂಡ, ಕೈಯಲ್ಲಿ ಅದೇ ಬಾಟಲಿ, ಕಾಲು ನೆಟ್ಟಗೆ ನಿಲ್ಲುತ್ತಿಲ್ಲ.

ನನಗೆ ತಕ್ಷಣ ತಿಳಿಯಿತು. ಅಣ್ಣ ಕುಡಿದ ಅಮಲಿನಲ್ಲಿ ಕೊನೆಯ ರೀಲನ್ನು ಮೊದಲು ಹಾಕಿಬಿಟ್ಟಿದ್ದ. ಅದಕ್ಕಿಂತ ಮುಂಚಿನ ರೀಲು ಈಗ ಓಡುತ್ತಿತ್ತು. ಮಂದಿಗೆ ಗೊತ್ತಾದರೆ ತಂಬಿಗೆ ಕಲ್ಲು ಬೀಳುತ್ತದೆ, ಮಾಲಕರು ಅಣ್ಣನನ್ನು ಹೊರಗೆ ಹಾಕುತ್ತಾರೆ. ವೈನಿಗೂ ತಿಳಿಯಿತು. ಅವರು ಎದ್ದು ನಿಂತರು. ಯಾವತ್ತೂ ಕುಳಿತೇ ಹೇಳುತ್ತಿದ್ದವರು ಅವತ್ತು ನಿಂತು, ಅಡ್ಡಪರದೆಯಾಚೆಯ ಗಂಡಸರಿಗೂ ಕೇಳುವಂತೆ ಹೇಳಿದರು:

“ಕುಂದರ್ರಿ, ಕುಂದರ್ರಿ! ಇನ್ನೂ ಮುಗದಿಲ್ಲ. ಬಿಟ್ಟೇನಿ ಅಂದಾನ, ಬಿಟ್ಟಿಲ್ಲ.”

ಎಲ್ಲರೂ ಕುಳಿತರು. ಗಂಡಸರೂ ಕುಳಿತರು. ವೈನಿ ಕಥೆ ಹೇಳುತ್ತ ಹೋದರು: “ಆಣಿ ಮಾಡಿದ್ನಲ್ಲ, ಆಣಿ ನಾಕ ದಿನಾ ನಿಂತಿತು. ಈಗ ಮತ್ತ ಶುರು ಮಾಡ್ಯಾನ. ಹೆಂಡ್ತಿ ಕೇಳಾಕತ್ತಾಳ, ಕೂಸಿನ ತಲಿ ಮುಟ್ಟಿದ್ದಿ ನೀ ಅಂತ. ಅಂವ ಅಂತಾನ, ನೆನಪಿಲ್ಲ ಅಂತ.” ಸಿನೆಮಾದಲ್ಲಿ ಆ ಮಾತು ಇರಲೇ ಇಲ್ಲ. ಆದರೆ ಪರದೆಯ ಮೇಲಿನ ಮುಖಗಳಿಗೆ ಆ ಮಾತು ಎಷ್ಟು ಸರಿಯಾಗಿ ಹೊಂದಿತ್ತೆಂದರೆ ನಾನೂ ಒಂದು ಗಳಿಗೆ ನಂಬಿದೆ. ರೀಲು ಕೊನೆಗೆ ಬಂತು. ಹೆಂಡತಿ ಕೂಸನ್ನೆತ್ತಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಾಳೆ. ಒಳಗೂ ಇಲ್ಲ, ಹೊರಗೂ ಇಲ್ಲ. ಅಲ್ಲಿಗೆ ಚಿತ್ರ ಕಡಿದು ದೀಪ ಹತ್ತಿತು.

“ಮುಂದ?” ಅಂದಳು ಒಬ್ಬ ಮುದುಕಿ.

“ಮುಂದೇನ ಆಯಿ. ಇಷ್ಟೇ” ಅಂದರು ವೈನಿ.

ಯಾರೂ ಕಲ್ಲು ಹೊಡೆಯಲಿಲ್ಲ. ಹೆಂಗಸರು ಗದ್ದಲವಿಲ್ಲದೆ ಹೊರಬಂದರು. ಬಾಗಿಲಲ್ಲಿ ಒಬ್ಬಾಕೆ ನನಗೆ ಹೇಳಿ ಹೋದಳು: “ಖರೇ ಸಿನೆಮಾ ಅಂದ್ರ ಇದು ನೋಡೋ ಯಪ್ಪಾ.”

ಆದರೆ ಊರ ಬಾಯಿ ಕಟ್ಟುವುದು ಹೇಗೆ? ಮರುದಿನ ಬಾವಿಯ ಹತ್ತಿರ ಹೆಂಗಸರು, ಕುಡುಕ ಕೊನೆಗೂ ಕುಡಿತ ಬಿಡಲಿಲ್ಲ ಎಂದು ಕಥೆ ಹೇಳಿದರು. ವಿಜಾಪುರದಲ್ಲಿ ಅದೇ ಚಿತ್ರ ನೋಡಿ ಬಂದಿದ್ದ ಗಂಡಸರು “ಬಿಟ್ಟ, ಕಡೀಕ ಬಿಟ್ಟ, ನಾ ಕಣ್ಣಾರೆ ನೋಡೇನಿ” ಎಂದು ವಾದಿಸಿದರು. “ಬಿಟ್ಟ ಮ್ಯಾಲ ಮತ್ತ ಹಿಡದಾನ. ನೀವು ಅರ್ಧಕ್ಕ ಎದ್ದು ಬಂದೀರಿ” ಎಂದು ಹೆಂಗಸರು ಅವರ ಬಾಯಿ ಮುಚ್ಚಿಸಿದರು. ಮನೆಮನೆಯಲ್ಲಿ ಗಂಡ ಹೆಂಡಿರ ನಡುವೆ ಅದೇ ಜಗಳ. ಜಗಳ ಚಾದಂಗಡಿಗೆ ಬಂತು, ಅಲ್ಲಿಂದ ಮಾಲಕರ ಕಿವಿಗೆ ಬಿತ್ತು. ಅವರು ದಡ್ಡರಲ್ಲ. ರೀಲಿನ ಡಬ್ಬಿಗಳ ಮೇಲಿನ ನಂಬರು ನೋಡಿದರು, ಅಣ್ಣನ ಮುಖ ನೋಡಿದರು, ಸೋಲಾಪುರದಿಂದ ಬೇರೆ ಆಪರೇಟರನನ್ನು ಕರೆಸುತ್ತೇನೆ ಅಂದರು.

ವೈನಿ ಚಾದಂಗಡಿಯ ತನಕ ನಡೆದು ಬಂದರು. ಹೆಂಗಸರು ಅಲ್ಲಿಗೆ ಬರುತ್ತಿರಲಿಲ್ಲ. ಕಂಬದ ಮರೆಗೆ ನಿಂತು, “ಬ್ಯಾರೆಯವರನ್ನ ಕರಸಬ್ಯಾಡ್ರಿ. ನಾ ನಡಸ್ತೀನಿ” ಅಂದರು. ಆಗಲೇ ಮಾಲಕರು ಆಗೂ ಮಾತಲ್ಲ ಅಂದದ್ದು.

“ಇಷ್ಟು ದಿನಾ ಯಾರ ನಡಸ್ಯಾರ ಅಂತ ತಿಳದೀರಿ?” ಅಂದರು ವೈನಿ.

ಮಾಲಕರ ಕೈಯ ಬಶಿ ಅಲ್ಲೇ ನಿಂತಿತು. ಅದನ್ನು ಬೆಂಚಿನ ಮೇಲಿಟ್ಟು ಹೇಳಿದರು: “ತಂಗಿ, ನೀ ನಡಸಬಹುದು. ಸರಕಾರ ಒಪ್ಪೂದಿಲ್ಲ. ಸರ್ಟಿಫಿಕೇಟ ಬೇಕು. ಅದನ್ನ ತಗೊಂಡ ಬಾ, ಮಶೀನ ನಿಂದು. ಆದರ ಒಂದ ಮಾತು. ಸರ್ಟಿಫಿಕೇಟ ಬಂದ ದಿನದಿಂದ ನಿನ್ನ ಗಂಡ ಕ್ಯಾಬಿನ್ ಮೆಟ್ಟಲಾ ಹತ್ತಬಾರದು. ಬೀಡಿ ಕಿಡಿ ಫಿಲಮಿಗೆ ತಾಕಿದ್ರ ಇಷ್ಟೂ ಮಂದಿ ಬೂದಿ ಆಗ್ತಾರ.”

ಅದು ಅನ್ಯಾಯದ ಮಾತಲ್ಲ. ವೈನಿಗೂ ಅದು ಗೊತ್ತಿತ್ತು. “ಆಗಲ್ರಿ” ಅಂದರು. ತಂಬಿನ ಕಡೆ ಬರುವಾಗ ನನಗೆ ಮೆಲ್ಲಗೆ ಹೇಳಿದರು: “ಸೋಲಾಪುರದಾಂವ ಬಂದ್ರ ಜಾಗಾ ಹ್ವಾದಂಗ. ನಾ ನಿಂತ್ರ ಜಾಗಾ ಮನ್ಯಾಗ ಉಳೀತೈತಿ. ಅವರು ನೆಟ್ಟಗಾದ ದಿನಾ ಕೊಟ್ಟ ಬಿಡ್ತೀನಿ.”

ಅರ್ಜಿಯನ್ನು ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ನಿಯಮದ ಪುಸ್ತಕವನ್ನು ಕಾಲೇಜಿನಿಂದ ಬರುವ ಬಸ್ಸಿನಲ್ಲಿ ಓದಿಕೊಂಡು, ತಂಬಿನ ಹಿಂದೆ ಕುಳಿತು ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಗೋಧಿ ಹಸನು ಮಾಡುತ್ತ ಕೇಳುತ್ತಿದ್ದರು. ಮೂರು ವರ್ಷ ಕಾಲೇಜಿನಲ್ಲಿ ಕುಳಿತವನಿಗೆ, ಇನ್ನೊಬ್ಬರಿಗೆ ತಿಳಿಸಿ ಹೇಳುವುದೆಂದರೇನು ಎಂದು ಗೊತ್ತಾದದ್ದು ಅಲ್ಲಿ. ನಾನು ಮುಂದೆ ಮಾಸ್ತರನಾದದ್ದಕ್ಕೆ ಆ ಗೋಧಿಯ ಮೊರವೂ ಒಂದು ಕಾರಣ.

ಪರೀಕ್ಷೆ ವಿಜಾಪುರದ ಕಚೇರಿಯಲ್ಲಿ. ಅಣ್ಣನೂ ಬಂದಿದ್ದ. ಮೈತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಕುಡಿಯದೆ ಬಂದಿದ್ದ. ಕಿಟಕಿಯ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತ. ಸಾಹೇಬರ ಪ್ರಶ್ನೆಗಳಿಗೆಲ್ಲ ವೈನಿ ಹೇಗೋ ಉತ್ತರ ಕೊಟ್ಟರು, ಎರಡು ಮೂರು ಕಡೆ ತಪ್ಪಿದರು ಕೂಡ. ಅವರು ನಿಜವಾಗಿ ಸಿಕ್ಕಿಬಿದ್ದದ್ದು ಗುಮಾಸ್ತನ ಪ್ರಶ್ನೆಗೆ.

“ಗಂಡನ ಹೆಸರು?”

ವೈನಿ ತಲೆ ತಗ್ಗಿಸಿದರು. ಗಂಡನ ಹೆಸರನ್ನು ಅವರು ಒಮ್ಮೆಯೂ ಬಾಯಲ್ಲಿ ಆಡಿದವರಲ್ಲ. ನಾನು ಹೇಳಹೋದೆ. “ನೀ ಹೇಳಬ್ಯಾಡಪಾ, ಅಭ್ಯರ್ಥಿನ ಹೇಳಬೇಕು” ಅಂದ ಗುಮಾಸ್ತ. ಮದುವೆಮನೆಯಲ್ಲಿ ಹೆಸರು ಹೇಳಲು ಹೆಂಗಸರು ಒಡಪು ಹಾಕುತ್ತಾರಲ್ಲ, ವೈನಿ ಸೆರಗು ಸರಿಮಾಡಿಕೊಂಡು ಆ ಸರಕಾರಿ ಕಚೇರಿಯಲ್ಲಿ ಒಡಪು ಹಾಕಿದರು:

“ಕರೇ ಕಡ್ಡಿ ಉರದರ ಬಿಳೇ ಬೆಳಕು,
ರೀಲು ಹರದರ ಕೂಡಸೂದ ನನ್ನ ಬದುಕು,
ಮಶೀನಿನ ಮುಂದ ನಿಂತ ರಾಯರ ಹೆಸರ ಕೇಳ್ರಿ…”

ಎಂದು ಆ ಹೆಸರು ಹೇಳಿದರು. ಗುಮಾಸ್ತ ಪೆನ್ನು ಕೆಳಗಿಟ್ಟು ನಕ್ಕ, ಸಾಹೇಬರೂ ನಕ್ಕರು. ನಾನು ಕಿಟಕಿಯಾಚೆ ನೋಡಿದೆ. ಬೇವಿನ ಗಿಡದ ಕೆಳಗೆ ಅಣ್ಣ ನಗುತ್ತಿರಲಿಲ್ಲ. ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಆಮೇಲಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಉದ್ದ ಮಾಡಲು ನನಗೆ ಮನಸ್ಸಿಲ್ಲ. ವೈನಿ ವರ್ಷಗಟ್ಟಲೆ ಮಶೀನು ನಡೆಸಿದರು. ತಂಬು ಎಲ್ಲಿ ಹೋದರೂ ಅವರೇ. ಮಮದಾಪುರದ ಮುದುಕಿಯರು ಸಿನೆಮಾ ಬಿಟ್ಟು ಕ್ಯಾಬಿನ್ ಕಿಂಡಿಯತ್ತ ತಿರುಗಿ ಕುಳಿತು “ಎಲ್ಲಿ, ಆ ಹೆಣ್ಣಮಗಳನ್ನ ಒಂದಿಷ್ಟು ತೋರಸ್ರಿ” ಅನ್ನುತ್ತಿದ್ದರಂತೆ. ಅಣ್ಣ ಮಾತ್ರ ಕ್ಯಾಬಿನ್ ಬಿಟ್ಟ ಮೇಲೆ ಒಂದು ವರ್ಷವೂ ಬದುಕಲಿಲ್ಲ. ಕಣ್ಣು ಹಳದಿಯಾಗಿ, ಹೊಟ್ಟೆ ಬಾತು, ವಿಜಾಪುರದ ದವಾಖಾನೆಯಲ್ಲಿ ಹೋದ. ಕೊನೆಕೊನೆಗೆ ಗೋಡೆಯ ಮೇಲೆ ಕೈ ನೆರಳಿನಿಂದ ಜಿಂಕೆ ಮಾಡಲು ನೋಡುತ್ತಿದ್ದನಂತೆ. ಬೆರಳು ನಡುಗಿ ಅದು ಯಾವ ಪ್ರಾಣಿಯೂ ಆಗುತ್ತಿರಲಿಲ್ಲ. ಹೀಗೆಂದು ವೈನಿಯೇ ನನಗೆ ಹೇಳಿದರು. ಹೇಳುವಾಗ ಅಳಲಿಲ್ಲ. ಹೇಳಿ ಮುಗಿದ ಮೇಲೆ ಒಲೆಯ ಬೂದಿಯನ್ನು ಸುಮ್ಮನೆ ಕೆದರುತ್ತ ಕುಳಿತರು.

ಆ ಚಿತ್ರ ಮತ್ತೊಮ್ಮೆ ಬಂದದ್ದು ಬಬಲೇಶ್ವರಕ್ಕೆ. ಬೇರೆ ಪ್ರಿಂಟು. ವೈನಿ ರೀಲುಗಳನ್ನು ಸರಿಯಾದ ಕ್ರಮದಲ್ಲೇ ಹಾಕಿದರು. ಗಂಡ ಬಾಟಲಿ ಒಡೆದ, ಆಣೆ ಮಾಡಿದ, ‘ಸಮಾಪ್ತ’ ಬಂತು. ಮಾಸ್ತರನಾಗಿ ಅದೇ ಊರಿನಲ್ಲಿದ್ದ ನಾನು ಹೋಗಿ ನೋಡಿದೆ. ಹೆಂಗಸರ ಕಡೆ ಗಪ್‌ಚಿಪ್. ಅಲ್ಲಿ ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ, ಹೇಳುವವರು ಕ್ಯಾಬಿನ್‌ನಲ್ಲಿದ್ದರು. ಆಟ ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ಹೋಗಿ “ವೈನಿ, ಆರಾಮ?” ಅಂದೆ. “ಇದು ಸುಳ್ಳ ಸಿನೆಮಾ, ತಮ್ಮಾ” ಅಂದರು, ಡಬ್ಬಿಯ ಮುಚ್ಚಳ ಒತ್ತುತ್ತ. “ಆದರ ಮಂದಿ ಮನಿಗೆ ನಗಕೋತ ಹೋಗ್ತಾರ. ಹೋಗಲಿ.”

ಇನ್ನು ಒಂದು ದಿನದ ಮಾತು ಉಳಿದಿದೆ. ಹೇಳಬೇಕೋ ಬೇಡವೋ ಎಂದು ಇಷ್ಟು ಹೊತ್ತು ಆಚೀಚೆ ಸುತ್ತಿದೆ.

ನನ್ನ ಬಿ.ಎ. ಫಲಿತಾಂಶ ಬಂದ ವಾರವೇ ಅವರ ಸರ್ಟಿಫಿಕೇಟೂ ಬಂತು. ಕಚೇರಿಯಲ್ಲಿ ಸಹಿ ಮಾಡಿ ಇಸಿದುಕೊಂಡವನು ನಾನು. ಮಡಚಿದರೆ ಸುಕ್ಕಾದೀತೆಂದು ಪುಸ್ತಕದ ನಡುವೆ ಇಟ್ಟು, ಬಸ್ಸಿನಲ್ಲಿ ಎದೆಗೆ ಹಿಡಿದುಕೊಂಡು ತಿಕೋಟಾಕ್ಕೆ ಹೋದೆ. ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಅಣ್ಣ ಹೊರಸಿನ ಮೇಲೆ ಕುಳಿತಿದ್ದ, ಪರೀಕ್ಷೆಯ ದಿನದಿಂದ ಬಾಯಿಗೆ ಹನಿ ಹಾಕಿರಲಿಲ್ಲ. ಅವನ ತಾಯಿ ಬಾಗಿಲ ಹತ್ತಿರ ಕುಳಿತು ಕೌದಿ ಹೊಲಿಯುತ್ತಿದ್ದಳು. ನಾನು ಆಕೆಗೆ ಆಯಿ ಅನ್ನುತ್ತಿದ್ದೆ. ಸೊಸೆಗೆ ಒಂದು ದಿನವೂ ಒರಟು ಮಾತಾಡಿದ ಮುದುಕಿಯಲ್ಲ. ಮಗ ಬಡಿಯುವಾಗ ನಡುವೆ ಬಂದು ತಾನೂ ಪೆಟ್ಟು ತಿಂದಾಕೆ.

ವೈನಿ ಕೈ ತೊಳೆದು, ಒರೆಸಿಕೊಂಡು ಬಂದರು. ನಾನು ಸರ್ಟಿಫಿಕೇಟು ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ನೇರವಾಗಿ ಗಂಡನ ಕೈಯಲ್ಲಿಟ್ಟರು.

“ನೋಡ್ರಿ, ನಿಮ್ಮ ಜಾಗಾ ಎಲ್ಲೂ ಹೋಗಿಲ್ಲ.”

ಅಣ್ಣ ಅದನ್ನು ಬಹಳ ಹೊತ್ತು ಹಿಡಿದುಕೊಂಡ. ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಮುದ್ರೆಯ ಮೇಲೆ ಬೆರಳಾಡಿಸಿದ. “ಛಲೋ ಆತು” ಅಂದ. ಖರೇನೇ ಸಂತೋಷದಿಂದ ಅಂದ ಎಂದು ನಾನು ಇಂದಿಗೂ ನಂಬುತ್ತೇನೆ. ಹಾಳೆಯನ್ನು ಹೆಂಡತಿಯ ಕೈಗೆ ವಾಪಸು ಕೊಟ್ಟು, ಗೂಟದ ಅಂಗಿ ತೆಗೆದು ಹಾಕಿಕೊಂಡು, ಚಪ್ಪಲಿ ಮೆಟ್ಟಿ, ತಂಬಿನ ದಾರಿ ಬಿಟ್ಟು ಕಳ್ಳಭಟ್ಟಿಯ ದಾರಿ ಹಿಡಿದ.

ವೈನಿ ಹಾಳೆ ಹಿಡಿದುಕೊಂಡು ಅವನು ಹೋದ ದಾರಿ ನೋಡುತ್ತ ನಿಂತರು. ಮುದುಕಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಸೊಸೆಯ ಕೈ ಹಿಡಿದು ಹತ್ತಿರ ಕೂಡಿಸಿಕೊಂಡಳು.

“ನಿಂದೇನ ತಪ್ಪಿಲ್ಲ, ಯವ್ವಾ” ಅಂದಳು. “ಆದರ ಇಷ್ಟು ದಿನಾ ನನ್ನ ಮಗಗ ಸಂಜಿಯಾತಂದ್ರ ಹೋಗಾಕ ಎರಡ ಜಾಗಾ ಇದ್ವು. ಇನ್ನ ಒಂದೇ ಉಳೀತು.”